ಗಾಲ್ಫ್ ಕೋಲಿಗೆ ಕುಂಕುಮ

ಆಯುಧಪೂಜೆಯ ದಿನ ನಮ್ಮ ಹ್ಯಾರಿಸ್‌ಡೇಲ್ ಮನೆಯ ಗ್ಯಾರೇಜಿನಲ್ಲಿ ಒಂದು ವಾಸನೆ ಏಳುತ್ತದೆ. ಗಂಧ, ಊದುಬತ್ತಿ, ಪೆಟ್ರೋಲು, ಅದರ ಜೊತೆಗೆ ಹುಲ್ಲು ಕತ್ತರಿಸುವ ಮಿಷಿನ್ನಿನ ತಳಕ್ಕೆ ಅಂಟಿಕೊಂಡ ಹಸಿ ಹುಲ್ಲು. ಮೈಸೂರಿನ ನನ್ನ ತವರಿನಲ್ಲಿ ಈ ಹಬ್ಬಕ್ಕೆ ಬೇರೆಯೇ ವಾಸನೆಯಿತ್ತು, ಅದು ಈಗ ಮರೆತೇಹೋಗಿದೆ. ಇಲ್ಲಿ ಪರ್ತಿನಲ್ಲಿ ನವರಾತ್ರಿ ಬರುವುದು ವಸಂತದಲ್ಲಿ, ಮನೆಮನೆಯ ಮುಂದೆ ಹುಲ್ಲು ಹುಚ್ಚೆದ್ದು ಬೆಳೆಯುವ ಕಾಲದಲ್ಲಿ. ಈ ವರ್ಷವೂ ನನ್ನ ಗಂಡ ಮುರಳಿ ಎರಡು ಕಾರು, ಹುಲ್ಲಿನ ಮಿಷಿನ್ನು, ಡ್ರಿಲ್ಲು, ಹಿತ್ತಲಿನ ಬಾರ್ಬೆಕ್ಯೂ ಒಲೆ, ನನ್ನ ಸ್ಟೆತಸ್ಕೋಪು ಎಲ್ಲವನ್ನೂ ಸಾಲಾಗಿಟ್ಟು ಬೊಟ್ಟಿಟ್ಟರು. ಕೊನೆಗೆ ಮೂಲೆಯಲ್ಲಿ ಒರಗಿರುವ ಮಗಳ ಗಾಲ್ಫ್ ಚೀಲದ ಹತ್ತಿರ ಹೋದರು. ಅದರ ಮುಂದೆ ಅವರು ಯಾವಾಗಲೂ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಾರೆ. ಆಗ ನನಗೆ ಅಡಿಲೇಡಿನ ಆ ವಸಂತ ನೆನಪಾಗುತ್ತದೆ.

ಮೇಘನಾ ಹುಟ್ಟಿದ್ದು ಪರ್ತಿನಲ್ಲೇ. ಶಾಲೆಯಲ್ಲಿ ಅವಳು ಮೆಗ್. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು, ಈಗಲೂ ಅಷ್ಟೇ. ಇಲ್ಲಿ ಅವಳ ಮಾತನ್ನು ನಾನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ, ಅಷ್ಟು ಸ್ವಾತಂತ್ರ್ಯ ತಾಯಿಗಿರಲಿ. ಆರೇಳು ವರ್ಷದವಳಿದ್ದಾಗ ಇದೇ ಗ್ಯಾರೇಜಿನಲ್ಲಿ ನಿಂತು, "ಅಪ್ಪಾ, ಮಿಷಿನ್‌ಗೆ ಯಾಕೆ ಬಿಂದಿ ಇಡ್ತೀಯ?" ಅಂತ ಕೇಳಿದ್ದಳು. ಮುರಳಿ ಗಂಧದ ಕೈಯಲ್ಲೇ ಅವಳ ಮೂಗು ಮುಟ್ಟಿ, "ವರ್ಷವೆಲ್ಲ ನಮಗೋಸ್ಕರ ದುಡಿದಿದೆಯಲ್ಲ ಪುಟ್ಟಿ, ಥ್ಯಾಂಕ್ಸ್ ಹೇಳ್ತಿದೀನಿ. ಇವತ್ತು ಅದಕ್ಕೆ ರಜ," ಎಂದಿದ್ದರು. ಆಮೇಲೆ ಅವರು ಅದನ್ನು ಮರೆತರು. ಅವಳು ಮರೆಯಲಿಲ್ಲ ಎಂದು ಗೊತ್ತಾಗಲು ತುಂಬಾ ವರ್ಷ ಬೇಕಾಯಿತು.

ಗಾಲ್ಫ್ ಶುರುವಾದದ್ದು ಅವಳಿಗೆ ಹತ್ತು ವರ್ಷವಿದ್ದಾಗ, ಶಾಲೆಯವರು ಒಂದು ದಿನ ಮಕ್ಕಳನ್ನೆಲ್ಲ ಮೈದಾನಕ್ಕೆ ಕರೆದುಕೊಂಡು ಹೋದಾಗ. ಅವಳು ಹೊಡೆದ ಚೆಂಡು ನೆಟ್ಟಗೆ ಹೋಯಿತಂತೆ, ಅಲ್ಲಿನ ಕೋಚ್ ಇನ್ನೊಂದು ಸಲ ಹೊಡೆಸಿ ನೋಡಿದನಂತೆ. ಅಷ್ಟು ಸಾಕಾಯಿತು ನಮ್ಮ ಮನೆಯ ಸಾಫ್ಟ್‌ವೇರ್ ಇಂಜಿನಿಯರಿಗೆ. ಪ್ರತಿ ಶನಿವಾರ, ಭಾನುವಾರ ಅಪ್ಪ ಮಗಳು ಕಾರು ಹತ್ತಿದರೆ ಸಂಜೆಗೇ ಬರುವುದು. ಮುರಳಿ ಒಂದು ದಿನವೂ ಕೋಲು ಹಿಡಿದು ಚೆಂಡು ಹೊಡೆದವರಲ್ಲ. "ಅದು ಅವಳ ಕೆಲಸ, ನನ್ನ ಕೆಲಸ ಹೊರೋದು," ಎನ್ನುತ್ತಿದ್ದರು. ಆಟಗಾರರ ಚೀಲ ಹೊತ್ತು ಜೊತೆಗೆ ನಡೆಯುವವರಿಗೆ ಕ್ಯಾಡಿ ಅನ್ನುತ್ತಾರೆ. ಚೀಲ ಹೊರುವುದು, ಕೋಲು ಒರೆಸಿ ಕೊಡುವುದು, ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಿ ಹೇಳುವುದು, ಇಷ್ಟೇ ಅವರ ಕೆಲಸ. ಇವರು ಅದರ ಮೇಲೆ ಒಂದು ಉಪದೇಶ ಸೇರಿಸಿಕೊಂಡಿದ್ದರು. ಹೊಡೆಯುವವರಿಗೆ ಚೆಂಡು ಎಲ್ಲಿ ಹೋಯಿತೆಂದು ನೋಡುವ ಆತುರ ಇರುತ್ತದೆ. ಹೊಡೆತ ಮುಗಿಯುವ ಮೊದಲೇ ತಲೆ ಎತ್ತಿದರೆ ಏಟು ತಪ್ಪುತ್ತದೆ. ಹಾಗಾಗಿ ಅವಳು ನಿಂತಾಗಲೆಲ್ಲ ಹಿಂದಿನಿಂದ ಮೆಲ್ಲಗೆ, "ತಲೆ ಎತ್ಬೇಡ ಮಗಳೇ," ಎನ್ನುವರು. ಕಾಂಗರೂಗಳು ಕಾಲು ಚಾಚಿ ಮಲಗಿರುವ ಹುಲ್ಲಿನಲ್ಲಿ, ಮಧ್ಯಾಹ್ನದ ಕಡಲಗಾಳಿಯಲ್ಲಿ, ಈ ಒಂದು ಕನ್ನಡ ವಾಕ್ಯ ಎಷ್ಟು ಸಾವಿರ ಸಲ ಕೇಳಿಸಿತೋ!

ನಮ್ಮ ಜನ ಸುಮ್ಮನಿರುತ್ತಾರೆಯೇ? ರಾಜ್ಯೋತ್ಸವದ ಊಟದಲ್ಲಿ ಒಬ್ಬರು ಆಂಟಿ ನನ್ನ ತಟ್ಟೆಗೆ ಬಿಸಿಬೇಳೆಬಾತು ಬಡಿಸುತ್ತಾ, "ಗಾಲ್ಫಾ ಡಾಕ್ಟ್ರೇ? ಅದು ರಿಟೈರ್ ಆದವ್ರು ಆಡೋದಲ್ವಾ?" ಎಂದಿದ್ದರು. ನಾನು, "ಹೌದು, ನಮ್ಮ ಮಗಳು ಬೇಗ ರಿಟೈರ್ ಆಗೋಳು," ಎಂದು ನಕ್ಕಿದ್ದೆ. ನನ್ನ ನಾಲಗೆ ಕೆಲವೊಮ್ಮೆ ಸುಮ್ಮಸುಮ್ಮನೆ ನಿಜ ನುಡಿದುಬಿಡುತ್ತದೆ.

ಹನ್ನೆರಡನೆಯ ತರಗತಿ ಮುಗಿಸಿ ಅವಳು ಫಿಸಿಯೋಥೆರಪಿ ಓದಲು ಬ್ರಿಸ್ಬೇನಿಗೆ ಹೋದಳು. ಅಲ್ಲಿನ ವಿಶ್ವವಿದ್ಯಾಲಯದ ಹೆಂಗಸರ ಗಾಲ್ಫ್ ತಂಡಕ್ಕೂ ಆಯ್ಕೆಯಾದಳು. ಪಂದ್ಯವಿದ್ದಾಗ ಮುರಳಿ ವಿಮಾನ ಹತ್ತಿ ಚೀಲ ಹೊರಲು ಹೋಗುವರು, ಉಳಿದ ಶನಿವಾರಗಳಲ್ಲಿ ಅವಳ ಅಭ್ಯಾಸದ ವಿಡಿಯೋ ನೋಡುತ್ತಾ ಫೋನಿನಲ್ಲೇ ಉಪದೇಶಿಸುವರು. ಮೊದಲ ವರ್ಷ ಬೆಂಚು, ಎರಡನೆಯ ವರ್ಷ ತಂಡದಲ್ಲಿ ಕೊನೆಯವಳು, ಮೂರನೆಯ ವರ್ಷ ಒಂದು ಪಂದ್ಯದಲ್ಲಿ ಎರಡನೆಯ ಸ್ಥಾನ. ದುಡ್ಡಿಗಲ್ಲದೆ ಆಡುವ ಇಂಥ ಹುಡುಗಿಯರಿಗೆ ಕಾಲೇಜು ಮುಗಿಯುವುದೇ ಕವಲುದಾರಿ. ಒಂದೋ ಇದನ್ನೇ ಕಸುಬು ಮಾಡಿಕೊಳ್ಳಬೇಕು, ಇಲ್ಲವೇ ಚೀಲ ಗ್ಯಾರೇಜಿಗೆ. ಅವಳ ಕೊನೆಯ ವರ್ಷ ಬಂದಾಗ ಮುರಳಿಗೆ ಕವಲು ಕಾಣಲೇ ಇಲ್ಲ. ಅವರ ಕಣ್ಣಿಗೆ ಇದ್ದದ್ದು ಒಂದೇ ದಾರಿ.

ಆ ಆಗಸ್ಟಿನಲ್ಲಿ ನಾನು ಒಬ್ಬಳೇ ಬ್ರಿಸ್ಬೇನಿಗೆ ಹೋಗಿದ್ದೆ. ಪರ್ತಿನಲ್ಲಿ ಚಳಿ ಮಳೆ, ಅಲ್ಲಿ ಹೂಬಿಸಿಲು. ನದಿ ದಂಡೆಯ ಕೆಫೆಯಲ್ಲಿ ಕೂತಿದ್ದಾಗ ಉದ್ದ ಕೊಕ್ಕಿನ ಐಬಿಸ್ ಹಕ್ಕಿಯೊಂದು ನನ್ನ ತಟ್ಟೆಯಿಂದ ಟೋಸ್ಟನ್ನು ಎತ್ತಿಕೊಂಡು ಹೋಯಿತು, ಯಾರೂ ತಿರುಗಿಯೂ ನೋಡಲಿಲ್ಲ. ಮೇಘನಾ ಆಗ ಆಸ್ಪತ್ರೆಯೊಂದರಲ್ಲಿ ತರಬೇತಿಯಲ್ಲಿದ್ದಳು. ಲಕ್ವಾ ಹೊಡೆದ ಒಬ್ಬ ಮುದುಕ ತಾನೇ ಚಮಚ ಎತ್ತಿ ಬಾಯಿಗಿಟ್ಟುಕೊಂಡ ಕಥೆಯನ್ನು ಎರಡು ಕಾಫಿ ಮುಗಿಯುವವರೆಗೂ ಹೇಳಿದಳು. ಅವನ ಬೆರಳು ಮಡಚುವುದನ್ನು ತನ್ನ ಬೆರಳಲ್ಲೇ ಮಾಡಿ ತೋರಿಸಿದಳು. "ಗಾಲ್ಫ್ ಹೇಗಿದೆ?" ಎಂದು ಕೇಳಿದೆ. "ಚೆನ್ನಾಗಿದೆ," ಎಂದಳು. ನಾನು ಕ್ಯಾನಿಂಗ್ಟನ್ನಿನ ಕ್ಲಿನಿಕ್ಕಿನಲ್ಲಿ ದಿನಕ್ಕೆ ಎಷ್ಟೋ ಜನರನ್ನು ನೋಡುವವಳು. ಜನ ಯಾವುದರ ಬಗ್ಗೆ ಉದ್ದಕ್ಕೆ ಮಾತಾಡುತ್ತಾರೆ, ಯಾವುದನ್ನು ಒಂದು ಪದದಲ್ಲಿ ಮುಗಿಸುತ್ತಾರೆ ಎನ್ನುವುದರಲ್ಲೇ ಅರ್ಧ ಗೊತ್ತಾಗುತ್ತದೆ. ಆದರೂ ನಾನು ಕೆದಕಲಿಲ್ಲ.

ಸೆಪ್ಟೆಂಬರಿನ ರಜೆಗೆ ಅವಳು ಮನೆಗೆ ಬಂದಾಗ ಮುರಳಿ ಊಟದ ಮೇಜಿನಲ್ಲಿ ಸುದ್ದಿ ಬಿಚ್ಚಿದರು. ಒಂದೇ ಕಂಪನಿಯಲ್ಲಿ ಹತ್ತಾರು ವರ್ಷ ದುಡಿದವರಿಗೆ ಇಲ್ಲಿ ಲಾಂಗ್ ಸರ್ವಿಸ್ ಲೀವ್ ಎಂದು ಸಂಬಳದ ಸಮೇತ ದೊಡ್ಡ ರಜೆ ಸಿಗುತ್ತದೆ. ಬೇರೆಯವರು ಆ ರಜೆಯಲ್ಲಿ ಯುರೋಪ್ ನೋಡುತ್ತಾರೆ. "ಅರ್ಧ ಸಂಬಳಕ್ಕೆ ತಗೊಂಡ್ರೆ ಡಬಲ್ ಆಗತ್ತೆ. ಮುಂದಿನ ವರ್ಷ ನೀನು ಪ್ರೊಫೆಷನಲ್ ಆಗು. ನಾನೇ ನಿನ್ನ ಕ್ಯಾಡಿ. ಬಾಸ್ ಹತ್ರ ಮಾತಾಡಿಬಿಟ್ಟಿದ್ದೀನಿ," ಎಂದರು. ಅವರ ಮುಖ ಹಬ್ಬದಂತಿತ್ತು. ಮೇಘನಾ ಚಪಾತಿಯನ್ನು ಚೂರುಚೂರು ಮಾಡುತ್ತಾ, "ವಿ'ಲ್ ಸೀ ಅಪ್ಪಾ," ಎಂದಳು. ಅವರಿಗೆ ಅದು ಒಪ್ಪಿಗೆಯಂತೆ ಕೇಳಿಸಿತು. ನನಗೆ ಕೇಳಿಸಿದ್ದೇ ಬೇರೆ.

ಅಕ್ಟೋಬರಿನಲ್ಲಿ ಅಡಿಲೇಡಿನಲ್ಲಿ ವಿಶ್ವವಿದ್ಯಾಲಯಗಳ ಮೂರು ದಿನದ ಪಂದ್ಯ. ಅವಳು ತಂಡದ ಜೊತೆ ಬ್ರಿಸ್ಬೇನಿನಿಂದ ಬಂದಳು, ನಾವಿಬ್ಬರು ಪರ್ತಿನಿಂದ ಹೋದೆವು. ಎರಡನೆಯ ದಿನ ಆಯುಧಪೂಜೆ, ಮೂರನೆಯ ದಿನ ವಿಜಯದಶಮಿ. ಈ ಹೊಂದಾಣಿಕೆ ಮುರಳಿಯ ತಲೆಗೆ ಹೊಕ್ಕಿದ್ದೇ ತಡ, ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಹೆಚ್ಚು ಪೂಜೆಯ ಸಾಮಾನು ಸೇರಿತು. ಹಣ್ಣಿನ ನೊಣದ ಭಯಕ್ಕೆ ಆ ರಾಜ್ಯದೊಳಗೆ ಹೊರಗಿನ ಹಣ್ಣು ಒಯ್ಯುವಂತಿಲ್ಲ. ನಮ್ಮ ಹಿತ್ತಲಿನ ನಿಂಬೆಹಣ್ಣುಗಳನ್ನು ಅಡಿಲೇಡ್ ಏರ್‌ಪೋರ್ಟಿನ ಡಬ್ಬಕ್ಕೆ ಹಾಕುವಾಗ ಅವರು ಒಂದೊಂದನ್ನೂ ಕಣ್ಣಿಗೊತ್ತಿಕೊಂಡರು. ನಾನು ಅವರ ಪರಿಚಯವೇ ಇಲ್ಲದವಳ ಹಾಗೆ ಮುಂದೆ ನಡೆದೆ. ಪರ್ತಿಗಿಂತ ಎರಡೂವರೆ ಗಂಟೆ ಮುಂದಿರುವ ಅಡಿಲೇಡ್ ಮಾತ್ರ ಅವರಿಗೆ ಬಹಳ ಹಿಡಿಸಿತು. "ನೋಡು, ನಮ್ಮ ದೇಶದ ಹಾಗೇ ಗಡಿಯಾರದಲ್ಲಿ ಅರ್ಧ ಗಂಟೆ ಇಟ್ಕೊಂಡಿದಾರೆ, ಮರ್ಯಾದಸ್ಥರು," ಎಂದರು.

ನಾವು ಗ್ಲೆನೆಲ್ಗಿನಲ್ಲಿ ಕಡಲಿಗೆ ಹತ್ತಿರ ಒಂದು ಅಪಾರ್ಟ್‌ಮೆಂಟು ಹಿಡಿದಿದ್ದೆವು. ಮೊದಲ ದಿನ ಉತ್ತರದ ಒಣಗಾಳಿ, ಕಣ್ಣುಬಿಡಲಾಗದ ಧೂಳು. ಎರಡನೆಯ ದಿನ ಗಾಳಿ ತಿರುಗಿ ತಣ್ಣಗಾಯಿತು. ಮೇಘನಾ ಎರಡೂ ದಿನ ಚೆನ್ನಾಗಿ ಆಡಿದಳು. ಎರಡನೆಯ ದಿನ ಮುಗಿದಾಗ ಮೂರನೆಯ ಸ್ಥಾನದಲ್ಲಿದ್ದಳು, ಅವಳ ತಂಡ ಮೊದಲನೆಯದರಲ್ಲಿತ್ತು. ಸಂಜೆ ತಂಡದವರನ್ನು ಬಿಟ್ಟು ಚೀಲ ಹೊತ್ತು ನಮ್ಮಲ್ಲಿಗೆ ಬಂದಳು. ಮುರಳಿ ಬೂದುಗುಂಬಳ ಹುಡುಕಿಕೊಂಡು ಅಂಗಡಿಗೆ ಹೋಗಿದ್ದರು. ನಾವಿಬ್ಬರೂ ಫಿಶ್ ಅಂಗಡಿಯಿಂದ ಬಿಸಿ ಆಲೂಗಡ್ಡೆ ಚಿಪ್ಸ್ ಕಟ್ಟಿಸಿಕೊಂಡು, ಕಡಲೊಳಕ್ಕೆ ಚಾಚಿದ ಜೆಟ್ಟಿಯ ತುದಿಗೆ ನಡೆದೆವು. ಕಡಲಹಕ್ಕಿಗಳು ನಮ್ಮ ಪೊಟ್ಟಣವನ್ನೇ ನೋಡುತ್ತಿದ್ದವು.

"ಅಮ್ಮಾ, ನಾಳೆ ಆದ್ಮೇಲೆ ಸಾಕು ನನಗೆ," ಎಂದಳು. "ಬ್ರಿಸ್ಬೇನ್ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ. ಒಪ್ಪಿಕೊಂಡಿದ್ದೀನಿ."

"ಬೇಜಾರಾಗಿ ಬಿಡ್ತಿದ್ದೀಯಾ?"

"ಇಲ್ಲಮ್ಮ. ಇಷ್ಟ ಇರುವಾಗ್ಲೇ ಬಿಡ್ತಿದ್ದೀನಿ. ನನಗೆ ಎಷ್ಟು ಬರತ್ತೆ ಅಂತ ಗೊತ್ತು. ಇದಕ್ಕಿಂತ ಮೇಲೆ ಹೋಗಲ್ಲ." ಆಮೇಲೆ ಕೈಯಲ್ಲಿದ್ದ ಚಿಪ್ಸನ್ನು ತಿನ್ನದೆ ಪೊಟ್ಟಣಕ್ಕೇ ಹಾಕಿದಳು. "ಅಪ್ಪಂಗೆ ಹೇಗೆ ಹೇಳ್ಲಿ? ಅಪ್ಪ ರಜೆ ಕೇಳಿಬಿಟ್ಟಿದಾರೆ. ನಾನು ಬಿಟ್ರೆ ಅಪ್ಪ ಶನಿವಾರ ಏನು ಮಾಡ್ತಾರೆ?"

ಆಟವನ್ನು ಅವಳು ಯಾವಾಗಲೋ ಬಿಟ್ಟುಕೊಡಬಲ್ಲವಳಾಗಿದ್ದಳು. ಬಿಡಲಾರದೆ ಒದ್ದಾಡುತ್ತಿದ್ದದ್ದು ಅಪ್ಪನ ಎದೆ ಒಡೆಯುತ್ತದೆಂಬ ಭಯಕ್ಕೆ. "ನಾಳೆ ಆಟ ಮುಗೀಲಿ. ಆಮೇಲೆ ಇಬ್ರೂ ಕೂತು ಹೇಳೋಣ," ಎಂದೆ. ಚಿಪ್ಸ್ ತಣ್ಣಗಾಗಿತ್ತು. ಹಕ್ಕಿಗಳಿಗೆ ಹಾಕಿ ವಾಪಸು ಬಂದೆವು.

ಬೂದುಗುಂಬಳ ಸಿಕ್ಕಿರಲಿಲ್ಲ. ಮುರಳಿ ಒಂದು ಬಟರ್‌ನಟ್ ಕುಂಬಳ ತಂದಿದ್ದರು. ಹೊಗೆ ಅಲಾರಂ ಬಡಿದುಕೊಂಡೀತೆಂದು ಬಾಲ್ಕನಿಯಲ್ಲಿ ಪೂಜೆ. ಚೀಲದಿಂದ ಕೋಲುಗಳನ್ನೆಲ್ಲ ತೆಗೆದು ಗೋಡೆಗೆ ಒರಗಿಸಿ, ಕಬ್ಬಿಣದ ತಲೆಯವಕ್ಕೆ ಹಿಂಬದಿಯಲ್ಲಿ ಗಂಧ ಕುಂಕುಮ ಇಟ್ಟರು. ದೂರ ಹೊಡೆಯುವ ದಪ್ಪ ತಲೆಯ ಕೋಲೊಂದಿದೆ, ಡ್ರೈವರ್ ಎಂದು. ಅದಕ್ಕೆ ಮಾತ್ರ ಚೆಂಡಿಗೆ ತಾಗುವ ಮುಂಭಾಗದಲ್ಲೇ ಧಾರಾಳವಾಗಿ ಗಂಧ ಬಳಿದು ನಡುವೆ ದೊಡ್ಡ ಬೊಟ್ಟಿಟ್ಟರು. ಹನ್ನೊಂದು ವರ್ಷದಿಂದ ಕೋಲು ಒರೆಸಿದವರಿಗೆ ಇದು ಹೊಳೆಯಬೇಕಿತ್ತು. ಭಕ್ತಿ ಹೆಚ್ಚಾದಾಗ ಗಂಡಸರಿಗೆ ಬುದ್ಧಿ ಕಡಿಮೆಯಾಗುತ್ತದೆ, ನಮ್ಮ ಮನೆಯಲ್ಲಂತೂ ಹಾಗೆ. ಮೇಘನಾ ಮಂಗಳಾರತಿ ತೆಗೆದುಕೊಂಡು ಕೋಲುಗಳನ್ನು ನೋಡುತ್ತಾ ನಿಂತಳು. ಮುರಳಿ ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಿದ್ದರು. ಏನು ಬೇಡುತ್ತಿದ್ದಾರೆಂದು ನಮ್ಮಿಬ್ಬರಿಗೂ ಗೊತ್ತಿತ್ತು. "ಬೆಳಗಿನ ತನಕ ಯಾರೂ ಮುಟ್ಬೇಡಿ," ಎಂದರು. ಬೆಳಗ್ಗೆ ಅವರೇ ಕೋಲುಗಳನ್ನು ಚೀಲಕ್ಕೆ ಸೇರಿಸಿ, ಡ್ರೈವರಿನ ತಲೆಗೆ ಉಣ್ಣೆಯ ಟೋಪಿ ಹಾಕಿದರು.

ವಿಜಯದಶಮಿಯ ಬೆಳಗು ತಿಳಿಯಾಗಿತ್ತು. ಚೆಂಡು ಹಾಕಬೇಕಾದ ಮೊದಲ ಗುಂಡಿ ಹತ್ತಿರದ್ದು, ಅವಳು ಕಬ್ಬಿಣದ ಕೋಲಿನಲ್ಲಿ ಹೊಡೆದು ಸರಾಗವಾಗಿ ಮುಗಿಸಿದಳು. ಎರಡನೆಯದಕ್ಕೆ ದೂರ ಹೊಡೆಯಬೇಕು. ಮುರಳಿ ಟೋಪಿ ತೆಗೆದು ಡ್ರೈವರ್ ಕೈಗಿತ್ತರು. ಜೊತೆಗೆ ಆಡುತ್ತಿದ್ದ ಚಿನ್ನದ ಬಣ್ಣದ ಜಡೆಯ ಹುಡುಗಿ, "ಮೆಗ್, ಅದೇನು ನಿನ್ನ ಡ್ರೈವರ್ ಮೇಲೆ?" ಎಂದಳು. ಅವಳದೇನೂ ಕೆಟ್ಟ ಮನಸ್ಸಲ್ಲ, ಇಂಥದ್ದನ್ನು ನೋಡಿದರೆ ಕೇಳಲೇಬೇಕು. ಕೋಲಿನ ಮುಖಕ್ಕೆ ಜಿಡ್ಡು ಹಚ್ಚಿದರೆ ಚೆಂಡು ಅಡ್ಡ ತಿರುಗದೆ ನೆಟ್ಟಗೆ ಹೋಗುತ್ತದೆ ಎಂದು ಕೆಲವರು ಮೋಸ ಮಾಡುವುದುಂಟು. ಕೈ ಬೀಸಿ ರೆಫರಿಯನ್ನು ಕರೆದಳು.

ಅಗಲ ಟೋಪಿಯ ವಯಸ್ಸಾದ ಹೆಂಗಸು ನಿಧಾನವಾಗಿ ಬಂದರು. ಡ್ರೈವರ್ ನೋಡಿದರು, ಬೆರಳಿನಲ್ಲಿ ಮುಟ್ಟಿದರು, ಮೂಸಿದರು. ಚೀಲದಿಂದ ಉಳಿದ ಕೋಲುಗಳನ್ನು ಎಳೆದರು. ಎಲ್ಲದರ ಬೆನ್ನಿಗೂ ಕೆಂಪು ಬೊಟ್ಟು. "ಈ ಡ್ರೈವರಿನಲ್ಲಿ ಇನ್ನೂ ಹೊಡೆದಿಲ್ಲ, ಒರೆಸಿದರಾಯಿತು. ಆದರೆ ಮೊದಲ ಗುಂಡಿಗೆ ಈ ಕಬ್ಬಿಣದ್ದರಲ್ಲಿ ಹೊಡೆದೆಯಾ?" ಎಂದು ಕೇಳಿದರು. ಮೇಘನಾ, "ಹೌದು," ಎಂದಳು. ಆಗ ಅವರು ನಿಯಮ ಹೇಳಿದರು. ಆಟ ಸುಧಾರಿಸಲಿ ಎಂಬ ಉದ್ದೇಶದಿಂದ ಕೋಲಿಗೆ ಏನಾದರೂ ಹಚ್ಚಿ, ಅದರಲ್ಲಿ ಒಂದು ಹೊಡೆತ ಹೊಡೆದರೂ ಆಟಗಾರ್ತಿ ಪಂದ್ಯದಿಂದ ಹೊರಗೆ. "ಹಾಗಾದ್ರೆ ಹೇಳಿ, ಇದನ್ನು ಯಾಕೆ ಹಚ್ಚಿದ್ದು?"

ನಾನು ನೋಡುಗರ ಹಗ್ಗದ ಈಚೆ ನಿಂತಿದ್ದೆ. ಉತ್ತರ ನನಗೆ ಗೊತ್ತಿತ್ತು. ಮುರಳಿ ಸುಳ್ಳು ಹೇಳುವವರಲ್ಲ, ಹೇಳಿದರೂ ಕಿವಿ ಕೆಂಪಗಾಗಿ ಸಿಕ್ಕಿಬೀಳುವವರು. ಮಗಳು ಚೆನ್ನಾಗಿ ಆಡಲಿ, ಗೆಲ್ಲಲಿ ಎಂದೇ ಅವರು ಹಚ್ಚಿದ್ದು. ಅವರ ಮುಖ ಬಿಳಿಚಿಕೊಂಡಿತ್ತು. ಅವರಿಗೂ ಅರ್ಥವಾಗಿತ್ತು, ತನ್ನ ಬಾಯಿಂದ ಬರುವ ನಿಜ ಮಗಳನ್ನು ಹೊರಗೆ ಹಾಕುತ್ತದೆ ಎಂದು. "ಮೇಡಂ, ಇಟ್ಸ್ ಮೈ ಮಿಸ್ಟೇಕ್, ಐ..." ಎಂದು ಶುರುಮಾಡಿದರು.

ಮೇಘನಾ ಅವರ ಮುಂಗೈ ಹಿಡಿದಳು. "ಕೋಲು ನನ್ನದು, ನಾನು ಹೇಳ್ತೀನಿ," ಎಂದು ರೆಫರಿಯ ಕಡೆ ತಿರುಗಿದಳು.

"ನಿನ್ನೆ ನಮ್ಮ ಹಬ್ಬ. ವರ್ಷವೆಲ್ಲ ನಮಗೋಸ್ಕರ ದುಡಿದ ಸಾಮಾನಿಗೆ ಥ್ಯಾಂಕ್ಸ್ ಹೇಳೋ ದಿನ. ನಮ್ಮಪ್ಪ ಕಾರಿಗೂ ಮಾಡ್ತಾರೆ, ಹುಲ್ಲು ಕತ್ತರಿಸೋ ಮಿಷಿನ್‌ಗೂ ಮಾಡ್ತಾರೆ. ನಾನು ಚಿಕ್ಕೋಳಿದ್ದಾಗ ಅವರೇ ಹೇಳಿಕೊಟ್ಟಿದ್ದು. ಇದು ಮುಂದಕ್ಕೆ ಏನೂ ಕೇಳೋದಲ್ಲ, ಆಗಿದ್ದಕ್ಕೆ ಹೇಳೋದು." ಅವಳ ಕೈ ಇನ್ನೂ ಅಪ್ಪನ ಮುಂಗೈ ಮೇಲಿತ್ತು. "ನಾನು ಆರತಿ ತಗೊಂಡಾಗ ಥ್ಯಾಂಕ್ಸೇ ಹೇಳಿದ್ದು. ಯಾಕಂದ್ರೆ ಇವತ್ತು ಇವುಗಳ ಕೊನೇ ದಿನ. ಈ ಪಂದ್ಯ ಆದ್ಮೇಲೆ ನಾನು ಆಡಲ್ಲ."

ದೂರದಲ್ಲಿ ಯಾರದೋ ಚೆಂಡಿನ ಟಕ್ ಸದ್ದು ಕೇಳಿಸಿತು. ರೆಫರಿ ಮೇಘನಾಳನ್ನೂ ಮುರಳಿಯನ್ನೂ ನೋಡಿದರು. "ಅಷ್ಟೇ ಆದರೆ ತಪ್ಪಿಲ್ಲ. ಎಲ್ಲವನ್ನೂ ಒರೆಸಿ ಆಡಿ. ಗುಡ್ ಆನ್ ಯಾ, ಲವ್," ಎಂದು ಇಲ್ಲಿನ ರೀತಿಯಲ್ಲಿ ಶಾಬಾಸ್ ಹೇಳಿ ಹೊರಟುಹೋದರು.

ನಾನು ನೋಡಿದ್ದು ನನ್ನ ಗಂಡನನ್ನು ಮಾತ್ರ. ಚೀಲಕ್ಕೆ ಸಿಕ್ಕಿಸಿದ್ದ ಒದ್ದೆ ಟವೆಲ್ ತೆಗೆದು ಒಂದೊಂದೇ ಕೋಲನ್ನು ಒರೆಸಿದರು, ಹನ್ನೊಂದು ವರ್ಷ ಒರೆಸಿದ ಹಾಗೆಯೇ. ಟವೆಲ್ ಕೆಂಪಾಯಿತು. ಕೊನೆಗೆ ಡ್ರೈವರನ್ನು ಒರೆಸಿ, ಬೆರಳಿಗೆ ಅಂಟಿದ ಕುಂಕುಮವನ್ನು ತಮ್ಮ ಹಣೆಗೆ ಇಟ್ಟುಕೊಂಡರು. ಏನೂ ಕೇಳಲಿಲ್ಲ. ಯಾವಾಗ ತೀರ್ಮಾನ ಮಾಡಿದೆ, ಯಾಕೆ ಹೇಳಲಿಲ್ಲ, ಒಂದೂ ಇಲ್ಲ. ಕೋಲನ್ನು ಅವಳ ಕೈಗೆ ಕೊಟ್ಟು, "ಗಾಳಿ ಎಡಗಡೆಯಿಂದ ಇದೆ," ಎಂದರು. ಅವಳು ನಿಂತಳು. ಅವರು ಹಿಂದೆ ಸರಿದು ನಿಂತರು. "ತಲೆ ಎತ್ಬೇಡ ಮಗಳೇ." ನನಗೆ ಆ ಕ್ಷಣ ಅವರ ಮೇಲೆ ಬಂದಷ್ಟು ಪ್ರೀತಿ ಮದುವೆಯ ಹೊಸದರಲ್ಲೂ ಬಂದಿರಲಿಲ್ಲ.

ಅವಳ ಆಟಕ್ಕೆ ಪದಕ ಬರಲಿಲ್ಲ. ಅವಳು ನಾಲ್ಕನೆಯವಳಾದಳು. ತಂಡ ಎರಡನೆಯದಾಯಿತು. ತಂಡದ ಹುಡುಗಿಯರು ಅವಳನ್ನು ತಬ್ಬಿಕೊಂಡು ಅತ್ತರು, ನಕ್ಕರು, ಅವಳ ತಲೆಗೆ ನೀರು ಸುರಿದರು. ಮುರಳಿ ದೂರದ ಬೆಂಚಿನಲ್ಲಿ ಚೀಲವನ್ನು ಕಾಲಿನ ನಡುವೆ ಇಟ್ಟುಕೊಂಡು ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ. "ನಿಂಗೆ ಗೊತ್ತಿತ್ತಾ?" ಎಂದರು. "ನಿನ್ನೆ ಸಂಜೆ ಹೇಳಿದ್ಳು," ಎಂದೆ. ತಲೆಯಾಡಿಸಿದರು. "ನಾನು ಬಾಲ್ಕನಿಯಲ್ಲಿ ಏನೇನೋ ಕೇಳ್ಕೊಂಡ್ಬಿಟ್ಟೆ ಸುಧಾ. ಅವಳು ಹೇಳಿದ್ದೇ ಸರಿ," ಎಂದರು.

ಮೇಘನಾ ಒದ್ದೆ ಕೂದಲಲ್ಲೇ ಬಂದು ಚೀಲವನ್ನು ಎತ್ತಿ ತನ್ನ ಹೆಗಲಿಗೆ ಹಾಕಿಕೊಂಡಳು. ಅವರು ಎದ್ದು ಕೈಚಾಚಿದರೂ ಕೊಡಲಿಲ್ಲ. "ಇವತ್ತು ನಾನು ಹೊರ್ತೀನಿ. ಬಾ," ಎಂದು ಅಭ್ಯಾಸದ ಮೈದಾನಕ್ಕೆ ನಡೆದಳು. ಅಷ್ಟು ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ. ಚೆಂಡೊಂದನ್ನು ಹುಲ್ಲಿನ ಮೇಲಿಟ್ಟು ಕೋಲನ್ನು ಅವರ ಕೈಗೆ ಕೊಟ್ಟಳು. ವಿಜಯದಶಮಿಯ ದಿನ ಹೊಸದು ಶುರುಮಾಡಬೇಕು ಎಂದು ಅವರೇ ಅವಳಿಗೆ ಎಷ್ಟು ಸಲ ಹೇಳಿದ್ದರೋ.

"ನಂಗೆಲ್ಲಿ ಬರತ್ತೆ," ಎಂದರು.

"ನೀನೇ ತಾನೇ ಹೇಳ್ಕೊಟ್ಟಿದ್ದು."

ಅವರು ಕೋಲು ಹಿಡಿದ ರೀತಿ ನೋಡಿದರೆ ತೆಂಗಿನಕಾಯಿ ಉದುರಿಸಲು ಹೊರಟವರ ಹಾಗಿತ್ತು. ಮೊದಲ ಏಟು ಗಾಳಿಗೆ ಹೋಯಿತು. ಎರಡನೆಯದಕ್ಕೆ ಹುಲ್ಲಿನ ಹೆಂಟೆ ಹಾರಿತು, ಚೆಂಡು ಅಲ್ಲೇ ಇತ್ತು. ಮೇಘನಾ ಹಿಂದೆ ಹೋಗಿ ನಿಂತಳು, ಅವರು ಯಾವಾಗಲೂ ನಿಲ್ಲುವ ಜಾಗದಲ್ಲಿ. ಆಮೇಲೆ ಕನ್ನಡದಲ್ಲಿ, ನಿಧಾನವಾಗಿ ಹೇಳಿದಳು: "ತಲೆ ಎತ್ಬೇಡ ಅಪ್ಪಾ."

ಈ ಸಲ ಚೆಂಡು ಟಕ್ಕೆಂದು ಎದ್ದಿತು. ನಾವಿಬ್ಬರೂ ಅದನ್ನು ನೋಡಿದೆವು. ಅವರು ನೋಡಲಿಲ್ಲ. ಚೆಂಡು ಬಿದ್ದು ಉರುಳಿ ನಿಂತ ಮೇಲೂ ಅವರು ತಲೆ ತಗ್ಗಿಸಿಕೊಂಡೇ, ಚೆಂಡಿದ್ದ ಜಾಗವನ್ನೇ ನೋಡುತ್ತಾ ನಿಂತಿದ್ದರು. ಭುಜ ಅಲುಗುತ್ತಿತ್ತು. ಮಗಳು ಹಿಂದಿನಿಂದ ಹೋಗಿ ಅವರ ಬೆನ್ನಿಗೆ ಮುಖವಿಟ್ಟಳು.

ಈಗ ಅವಳು ಬ್ರಿಸ್ಬೇನಿನಲ್ಲಿ ಲಕ್ವಾ ಹೊಡೆದವರಿಗೆ ಚಮಚ ಹಿಡಿಯಲು ಕಲಿಸುತ್ತಾಳೆ. ಮುರಳಿ ಆ ದೊಡ್ಡ ರಜೆಯನ್ನು ತೆಗೆದುಕೊಳ್ಳಲೇ ಇಲ್ಲ, ಶನಿವಾರ ಹಿತ್ತಲಲ್ಲಿ ಏನೋ ಕೆತ್ತುತ್ತಾ ಇರುತ್ತಾರೆ. ಆಯುಧಪೂಜೆಯ ದಿನ ಮಾತ್ರ ಕೋಲುಗಳಿಗೆ ಬೊಟ್ಟಿಟ್ಟು, ಆ ಕೆಂಪು ಕಲೆಯ ಟವೆಲನ್ನು ಮಡಿಸಿ ಚೀಲಕ್ಕೆ ಸಿಕ್ಕಿಸಿ, ನನ್ನ ಕಡೆ ತಿರುಗದೆ ಕೇಳುತ್ತಾರೆ, "ಸುಧಾ, ಅವತ್ತು ನಾನು ಹೊಡೆದಿದ್ದು ಎಷ್ಟು ದೂರ ಹೋಗಿತ್ತು?"

ಇಲ್ಲಿಂದ ನಮ್ಮ ಗೇಟಿನ ತನಕ, ಎಂದು ಮೊದಲ ವರ್ಷ ಹೇಳಿದ್ದೆ. ಅದು ನಿಜ. ಹೋದ ವರ್ಷ ರಸ್ತೆಯ ಆಚೆ ಬದಿಗೆ ಒಯ್ದಿದ್ದೆ. ಈ ವರ್ಷ ಮೂಲೆಯ ಪಾರ್ಕಿನವರೆಗೂ ಹೋಯಿತು ಎಂದೆ. ಅವರು, "ಹೌದಾ!" ಎಂದು ಊದುಬತ್ತಿ ಹಚ್ಚಿದರು.